ಮದ್ದು ಕೊಟ್ಟವಳು, ಮದ್ದು ಹಾಕಿದವಳು

ಕಾದಂಬರಿಯ ಮೊದಲ ಕರಡಿನಲ್ಲಿ ನನ್ನ ದುಗ್ಗಕ್ಕನ ಅಂಗೈಯಿಂದ ನೀಲಿ ಬೆಳಕು ಹೊಮ್ಮುತ್ತಿತ್ತು. ಮಂತ್ರ ಹೇಳಿದರೆ ಸಾಕು, ಗಾಯ ಕೂಡಿಕೊಳ್ಳುತ್ತಿತ್ತು. ಇನ್ನೂರು ಪುಟ ಹಾಗೇ ಬರೆದುಕೊಂಡು ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಹೋದೆ. ಅಡಿಕೆ ಸುಲಿಯುವ ಕಾಲ. ಅತ್ತೆ ಮೆಟ್ಟುಗತ್ತಿ ಮುಂದೆ ಕೂತಿದ್ದರು, ನಾನು ಪಕ್ಕದಲ್ಲಿ ಕೂತು ಓದಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಅಲ್ಲ ಕಣೇ, ಈ ದುಗ್ಗಕ್ಕನ್ನ ಜನ ಮನೆ ಒಳಗೆ ಕರೀತಾರಾ, ಇಲ್ಲಾ ಜಗಲಿ ಮೇಲೇ ಕೂರಿಸ್ತಾರಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಊರಿಗೆ ವಾಪಸ್ ಬಂದವಳೇ ನೀಲಿ ಬೆಳಕನ್ನೆಲ್ಲ ಹೊಡೆದುಹಾಕಿದೆ.

ಅದರ ಜಾಗಕ್ಕೆ ಬಂದದ್ದು ಕೈಗುಣ. ಒಂದೇ ಗಿಡದ ಬೇರನ್ನು ಇಬ್ಬರು ಅರೆದು ಕೊಟ್ಟರೂ ಒಬ್ಬರ ಕೈಯಲ್ಲೇ ವಾಸಿಯಾಗುತ್ತದೆ ಅಂತ ಮಲೆನಾಡಿನಲ್ಲಿ ನಂಬುತ್ತಾರಲ್ಲ, ಅದನ್ನೇ ನಿಜ ಮಾಡಿಕೊಂಡೆ. ದುಗ್ಗಕ್ಕ ಹಣೆ ಮುಟ್ಟಿದರೆ ಜ್ವರ ಅವಳ ಬೆರಳಿಗೆ ಇಳಿಯುತ್ತದೆ. ಸಾಯುವವರನ್ನು ಉಳಿಸಿದಾಗಲೆಲ್ಲ ಒಂದು ಬೆರಳು ಮರಗಟ್ಟುತ್ತದೆ, ಮತ್ತೆ ಅದಕ್ಕೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಹತ್ತು ಬೆರಳು, ಹತ್ತು ಜೀವ. ಕಾದಂಬರಿಯ ಕಟ್ಟು ಅಲ್ಲೇ ಸಿಕ್ಕಿತು.

ಎಲ್ಲಕ್ಕಿಂತ ಹೆಚ್ಚು ಸಲ ತಿದ್ದಿದ್ದು ಒಲೆಯ ದೃಶ್ಯವನ್ನು. ಬಾಣಂತಿಗೆ ಗಂಜಿ ಮಾಡುತ್ತಿದ್ದ ದುಗ್ಗಕ್ಕ, ಮಾತಾಡುತ್ತಲೇ ಒಲೆಯಿಂದ ಹೊರಗುರುಳಿದ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಒಳಗಿಡುತ್ತಾಳೆ. ಚರ್ಮ ಸುಟ್ಟ ವಾಸನೆ ಬರುವವರೆಗೂ ಅವಳಿಗೆ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತ ಹೆಂಗಸು ನೋಡಿಬಿಡುತ್ತಾಳೆ: ಇವಳ ಕೈ ಬೆಂಕಿಗೆ ಹೆದರುವುದಿಲ್ಲ. ಊರನ್ನು ಉಳಿಸಲು ಕಳೆದುಕೊಂಡ ಬೆರಳೇ ಅವಳ ಮೇಲಿನ ಸಾಕ್ಷಿಯಾಗುತ್ತದೆ.

ಆಮೇಲಿನ ದಾರಿಯನ್ನು ಭಾಷೆಯೇ ತೋರಿಸಿತು. ನಮ್ಮಲ್ಲಿ "ಮದ್ದು ಕೊಟ್ಟಳು" ಅಂದರೆ ವಾಸಿ ಮಾಡಿದವಳು, "ಮದ್ದು ಹಾಕಿದಳು" ಅಂದರೆ ಅನ್ನದಲ್ಲಿ ಕೇಡು ಬೆರೆಸಿದವಳು. ಊರಿನ ಬಾಯಲ್ಲಿ ಕ್ರಿಯಾಪದ ಬದಲಾಗುವ ಗಳಿಗೆಯನ್ನು ಹಿಡಿಯಲು ನಲವತ್ತು ಪುಟ ಬೇಕಾಯಿತು. ಗಿಡದ ಹೆಸರು ಬಾಯಿಬಿಟ್ಟರೆ ಮದ್ದು ಫಲಿಸುವುದಿಲ್ಲ ಎಂಬ ನಂಬಿಕೆಯನ್ನೂ ಉಳಿಸಿಕೊಂಡೆ. ಪಂಚಾಯಿತಿಯಲ್ಲಿ "ಎಂತ ಕೊಟ್ಟೆ, ಹೇಳು" ಎಂದಾಗ ಅವಳು ಸುಮ್ಮನಿರುತ್ತಾಳೆ. ಹೇಳಿದರೆ ಮಲಗಿರುವ ಮಗು ಉಳಿಯುವುದಿಲ್ಲ.

ಕಾಯಿಲೆ ಯಾವುದು ಅಂತ ನಾನು ಹುಡುಕಬೇಕಾಗಿರಲಿಲ್ಲ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯ ಮಾತು ಕೇಳುತ್ತಲೇ ಬೆಳೆದವಳು ನಾನು. ಮೊದಲು ಮುಸಿಯ, ಮಂಗಗಳು ಸತ್ತು ಬೀಳುತ್ತವೆ. ಆಮೇಲೆ ದರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋದವರಿಗೆ ಉಣುಗು ಅನ್ನುವ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಜ್ವರ ಹಿಡಿಯುತ್ತದೆ. ನನ್ನ ಕಲ್ಪನೆಯ ಸೀಮೆಯಲ್ಲಿ ಉಣುಗಿನ ವಿಷಯ ಯಾರಿಗೂ ತಿಳಿಯದು. ಸಾವಿದ್ದ ಮನೆಯಲ್ಲೆಲ್ಲ ದುಗ್ಗಕ್ಕ ಇದ್ದಳು ಅನ್ನುವುದಷ್ಟೇ ಕಣ್ಣಿಗೆ ಕಾಣುತ್ತದೆ.

ಈ ಕಾಯಿಲೆ ಬೇಸಿಗೆಯಲ್ಲಿ ಏರುತ್ತದೆ, ಮಳೆ ಹಿಡಿದು ಮರಿ ಉಣುಗುಗಳು ಕಮ್ಮಿಯಾದ ಮೇಲೆ ಇಳಿಯುತ್ತದೆ. ಅದು ನೆನಪಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಯ ಅಧ್ಯಾಯವನ್ನು ಪೂರ್ತಿ ಬದಲಿಸಿದೆ. ಊರವರು ಅವಳ ಗುಡಿಸಲು ಸುಟ್ಟು ಹೊಳೆಯಾಚೆ ಓಡಿಸುತ್ತಾರೆ. ವಾರದೊಳಗೆ ಮಳೆ ಹಿಡಿಯುತ್ತದೆ. ತಿಂಗಳು ಕಳೆಯುವುದರೊಳಗೆ ಜ್ವರ ನಿಲ್ಲುತ್ತದೆ. ತಾವು ಮಾಡಿದ್ದೇ ಸರಿ ಅಂತ ಊರು ಚೌಡಿ ಬನದಲ್ಲಿ ಹರಕೆ ಒಪ್ಪಿಸುತ್ತದೆ. ಹೊಳೆಯಾಚೆ ದುಗ್ಗಕ್ಕನಿಗೆ ಮಳೆ ನೀರಿನ ತಣ್ಪು ತಿಳಿಯುವ ಬೆರಳು ಒಂದೇ ಒಂದು ಉಳಿದಿರುತ್ತದೆ.

ಅದನ್ನೂ ಅತ್ತೆಗೆ ಓದಿ ಹೇಳಿದೆ. ಈ ಸಲ ಅವರ ಕೈ ನಿಂತಿತ್ತು. ಸುಮಾರು ಹೊತ್ತಾದ ಮೇಲೆ ಕೇಳಿದರು: "ಬರೋ ಬೇಸಿಗೆಗೆ ಆ ಊರಿನವರು ಎಂತ ಮಾಡ್ತಾರೆ?"

ಎರಡನೇ ಭಾಗವನ್ನು ಅಲ್ಲಿಂದ ಶುರು ಮಾಡಿದ್ದೇನೆ.