ಹಳೇ ಸೋಡಾ ಮಷಿನ್ ಎತ್ತುವ ಮುಂಚೆ ಬಾಟಲಿ ಇಳಿಸಿ

ಹೋದ ತಿಂಗಳು ತಂಗಿಯ ಮಗ ಓಹಾಯೊದಿಂದ ಫೋನ್ ಮಾಡಿದ. ಯಾರದೋ ಗ್ಯಾರೇಜಿನಲ್ಲಿ 1950ರ ದಶಕದ ಕೆಂಪು ವೆಂಡೊ 81 ಸಿಕ್ಕಿದೆಯಂತೆ, ಗಾಜಿನ ಬಾಟಲಿ ಕೊಡುವ ಕೋಕಾ-ಕೋಲಾ ಮಷಿನ್ನು. "ನಾಲ್ಕು ಜನ ಇದ್ದೀವಿ ಮಾವ, ಶನಿವಾರ ಎತ್ಕೊಂಡು ಬಂದ್ಬಿಡ್ತೀವಿ" ಅಂದ. ಒಳಗೆ ಬಾಟಲಿ ಇದೆಯೇನೋ ಅಂತ ಕೇಳಿದೆ. "ಇದೆ, ಚೆಂದಕ್ಕೆ ತುಂಬಿಟ್ಟಿದ್ದಾರೆ."

ಲೆಕ್ಕ ಹಾಕಿ ನೋಡಿ. ಆರೂವರೆ ಔನ್ಸಿನ ಆ ದಪ್ಪ ಗಾಜಿನ ಬಾಟಲಿ ತುಂಬಿದ್ದರೆ ಒಂದೊಂದೂ ಸುಮಾರು 600 ಗ್ರಾಂ. ಹೆಸರಲ್ಲೇ ಇರುವಂತೆ 81 ಬಾಟಲಿ ಹಿಡಿಸುತ್ತದೆ. ಅಲ್ಲಿಗೆ ಹೆಚ್ಚುಕಮ್ಮಿ ಒಂದು ಸಿಮೆಂಟ್ ಮೂಟೆಯ ಭಾರ. ಮೂಟೆಯಾದರೋ ಇಟ್ಟ ಕಡೆ ಬಿದ್ದಿರುತ್ತದೆ, ಬಾಟಲಿಗಳು ಮಷಿನ್ ಓರೆಯಾದ ಕಡೆಗೇ ವಾಲುತ್ತವೆ. ಆದ್ದರಿಂದ ಮೊದಲು ಎಲ್ಲ ಇಳಿಸಿ. ಇಳಿಸುವಾಗ ಒಬ್ಬರು ಮಷಿನ್ ಮುಂದಕ್ಕೆ ವಾಲದಂತೆ ಹಿಂದಕ್ಕೆ ಎಳೆದು ಹಿಡಿದಿರಲಿ. ಬಾಗಿಲು ತೆರೆದರೆ ನಾಣ್ಯದ ಪೆಟ್ಟಿಗೆಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಆಮೇಲೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ.

ಅಮೆರಿಕದಲ್ಲಿ 1978ರಿಂದ 1995ರೊಳಗೆ ಸೋಡಾ ಮಷಿನ್ ಮೈಮೇಲೆ ಬಿದ್ದು 37 ಜನ ಸತ್ತರು ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಹೇಳಿತ್ತು. ಹೆಚ್ಚಿನವರು ಬಿಟ್ಟಿ ಸೋಡಾಕ್ಕೋ, ನುಂಗಿದ ಕಾಸಿಗೋ ಅದನ್ನು ಹಿಡಿದು ಅಲ್ಲಾಡಿಸಿದವರು. ಬೀಳಲು ಶುರುವಾದ ಮಷಿನ್ನನ್ನು ತೋಳಲ್ಲಿ ತಡೆಯುವ ಆಸೆ ಬೇಡ, ಬಿಟ್ಟು ಪಕ್ಕಕ್ಕೆ ಸರಿಯಿರಿ. ನನಗೆ ಇದು ಗೊತ್ತಾಗಿದ್ದು ಒಮ್ಮೆ ಇಂಥದೇ ಮಷಿನ್ ಸಾಗಿಸುವಾಗ, ತಳ್ಳುಗಾಡಿಯ ಚಕ್ರ ಹೊಸ್ತಿಲಲ್ಲಿ ಸಿಕ್ಕಿಕೊಂಡಾಗ. ಗಾಡಿಗೆ ಮಷಿನ್ ಬಿಗಿಯುವ ಪಟ್ಟಿಯೇ ಇರಲಿಲ್ಲ, ನಾನು ಮಂಡಿ ಕೊಟ್ಟೆ. ಚಳಿಗಾಲ ಬಂದಾಗಲೆಲ್ಲ ಆ ಮಂಡಿ ಅದನ್ನು ನೆನಪಿಸುತ್ತದೆ.

ಬಾಡಿಗೆಗೆ ಅಪ್ಲಯನ್ಸ್ ಡಾಲಿ ಅಂತಲೇ ಕೇಳಿ ತನ್ನಿ, ಅಂದರೆ ಫ್ರಿಜ್ಜಿನಂಥ ಭಾರದ ಸಾಮಾನು ಸಾಗಿಸುವ ತಳ್ಳುಗಾಡಿ, ಬಿಗಿಯುವ ಪಟ್ಟಿ ಇರುವಂಥದ್ದು. ಪಕ್ಕದಿಂದ ತೂರಿಸಿ, ಬಾಗಿಲ ಕಡೆಯಿಂದ ಬೇಡ. ಕಂಬಳಿ ಹೊದಿಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ. ಕಂಬಳಿಯಡಿ ಸಿಕ್ಕಿದ ಮರಳು ದಾರಿಯುದ್ದಕ್ಕೂ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಟೇಪನ್ನು ಬಣ್ಣಕ್ಕೆ ತಾಗಿಸಲೇಬೇಡಿ, ಕಿತ್ತಾಗ ಎಪ್ಪತ್ತು ವರ್ಷದ ಕೆಂಪು ಅದರ ಜೊತೆಗೇ ಬರುತ್ತದೆ. ಬೇಸ್‌ಮೆಂಟಿನಲ್ಲಿದ್ದರೆ? ಮೆಟ್ಟಿಲಿಗೆ ನಾನು ಕೈ ಹಾಕುವುದಿಲ್ಲ. ಅದೇ ಕೆಲಸ ಮಾಡುವವರನ್ನು ಕರೆಸಿ, ದುಡ್ಡು ಕೊಡಿ.

ಊರಲ್ಲಿ ಕಬ್ಬಿಣದ ಬೀರುವನ್ನು ಗಾಡಿಯಲ್ಲಿ ಮಲಗಿಸಿ ಸಾಗಿಸಿದವರಿಗೆ ಇದನ್ನೂ ಮಲಗಿಸುವ ಅಂತ ಅನಿಸುತ್ತದೆ. ಬೀರುವಿನೊಳಗೆ ಎಣ್ಣೆ ಇರಲಿಲ್ಲ. ಇದರ ಬುಡದಲ್ಲಿ ಕಂಪ್ರೆಸರ್ ಕೂತಿದೆ. ಮಲಗಿಸಿದರೆ ಅದರ ಎಣ್ಣೆ ಕೊಳವೆಗೆ ಹರಿಯುತ್ತದೆ, ಹಾಗೇ ಚಾಲೂ ಮಾಡಿದರೆ ಕೆಡುತ್ತದೆ. ಟ್ರಕ್ಕಿನಲ್ಲೂ ನಿಲ್ಲಿಸಿಯೇ, ಕ್ಯಾಬಿನ್ ಗೋಡೆಗೆ ಒತ್ತಿಸಿ, ಎರಡು ಕಡೆ ಕಟ್ಟಿ. ಮನೆಗೆ ತಂದ ಮೇಲೂ ಚಾಲೂ ಮಾಡದೆ ಒಂದು ದಿನ ನಿಂತಿರಲಿ. ತಾಮ್ರದ ಕೊಳವೆ ಬಗ್ಗದಂತೆ ನೋಡಿಕೊಳ್ಳಿ. ಆ ಕಾಲದ ಮಷಿನ್ನುಗಳಲ್ಲಿ ಅದರೊಳಗೆ ಸಾಮಾನ್ಯವಾಗಿ ಇದ್ದದ್ದು ಆರ್-12, ತಂಪು ಮಾಡುವ, ಆದರೆ ಓಜೋನ್ ಪದರ ಕೆಡಿಸುವ ಅನಿಲ. ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿದೆ, ಬೇಕೆಂದು ಗಾಳಿಗೆ ಬಿಡುವುದು 1992ರಿಂದಲೇ ಅಪರಾಧ. ಸೋರಿದರೆ ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್ಕೇ ಬರಬೇಕು.

ಇನ್ನು ವೈರು. ಹಳೇ ವೈರಿನ ರಬ್ಬರು ಬಗ್ಗಿಸಿದರೆ ಒಣ ಹಪ್ಪಳದ ಹಾಗೆ ಉದುರುತ್ತದೆ. ಎರಡೇ ಪಿನ್ನಿದ್ದರೆ ಅರ್ಥಿಂಗ್ ಇಲ್ಲ, ಮೈಯೆಲ್ಲ ತಗಡು, ಕೆಳಗೆ ಗ್ಯಾರೇಜಿನ ಒದ್ದೆ ನೆಲ. ಮೂರು ಪಿನ್ನಿನ ಹೊಸ ವೈರು ಹಾಕಿಸದೆ ಪ್ಲಗ್ಗು ಚುಚ್ಚಬೇಡಿ.

ಇಷ್ಟನ್ನೂ ಅವನಿಗೆ ಹೇಳಿದ್ದೆ. ಭಾನುವಾರ ಬೆಳಿಗ್ಗೆ ನಾನಿನ್ನೂ ಕಾಫಿ ಸೋಸುತ್ತಿದ್ದೆ, ಫೋನು ಬಂತು. "ಮಾವ, ಬಂತು! ಒಂದು ಗೀರೂ ಆಗಿಲ್ಲ. ಆನ್ ಮಾಡ್ಲಾ?"

"ವೈರ್ ಬದಲಾಯಿಸಿದ್ಯೇನೋ?"

ಆ ಕಡೆಯಿಂದ ಸದ್ದಿಲ್ಲ.