ಹೊರದೇಶದ ಮಾಂಸ ತರಿಸಬೇಕಾ? ಮೊದಲು ಕಾಗದ, ಆಮೇಲೆ ಕಂಟೇನರ್

ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. ಆಸ್ಟ್ರೇಲಿಯಾದ ಕುರಿಮಾಂಸವನ್ನು ತಾನೇ ನೇರವಾಗಿ ತರಿಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದ, ಅಲ್ಲಿನ ಸಪ್ಲೈಯರ್ ಹತ್ತಿರ ರೇಟೂ ಮಾತಾಡಿ ಮುಗಿಸಿದ್ದ, ಅಡ್ವಾನ್ಸ್ ಕಳಿಸುವುದೊಂದೇ ಬಾಕಿ. "ಪರ್ಮಿಟ್ ತಗೊಂಡ್ಯಾ?" ಅಂದೆ. "ಮಾಲು ಬರೋಷ್ಟರಲ್ಲಿ ಮಾಡಿಸಿದ್ರಾಯ್ತು ಬಿಡು" ಅಂದ. ದುಡ್ಡು ಕಳಿಸಬೇಡ, ಒಂದು ವಾರ ಸುಮ್ನೆ ಇರು ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ, ಯಾವ ಮಾಂಸ? ದನದ ಮಾಂಸವನ್ನು ಭಾರತಕ್ಕೆ ತರಿಸುವಂತೆಯೇ ಇಲ್ಲ. ಅದು ಬೆರೆತ ಯಾವ ತಿನಿಸೂ ಬರುವಂತಿಲ್ಲ. ಜನ ಎಡವುವುದು ಸಲಾಮಿ, ಸಾಸೇಜ್ ವಿಷಯದಲ್ಲಿ. ಹಂದಿಯದು ಅಂತ ಹೆಸರಿದ್ದರೂ ಕೆಲವದರಲ್ಲಿ ಸ್ವಲ್ಪ ದನದ ಮಾಂಸ ಸೇರಿರುತ್ತದೆ, ಇಲ್ಲವೇ ಹೊರಗಿನ ಸಿಪ್ಪೆ ದನದ ಕರುಳಿನದ್ದೋ ಚರ್ಮದಿಂದ ತೆಗೆದ ಕೊಲಾಜನ್‌ದೋ ಆಗಿರುತ್ತದೆ. ಸಿಪ್ಪೆಯೂ ಸೇರಿ ಏನೇನು ಹಾಕಿದ್ದಾರೆ ಅನ್ನುವ ಪೂರ್ತಿ ಪಟ್ಟಿಯನ್ನು ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ "ನೋ ಬೀಫ್" ಅಂದರೆ ಸಾಲದು.

ಕುರಿ, ಹಂದಿ, ಕೋಳಿ, ಬಾತು, ಟರ್ಕಿ ತರಿಸಬಹುದು. ಆದರೆ ಯಾವ ದೇಶದಿಂದ ಅನ್ನುವುದು ಅಲ್ಲಿ ಸದ್ಯಕ್ಕೆ ಯಾವ ರೋಗ ಇದೆ ಅನ್ನುವುದರ ಮೇಲೆ ನಿಂತಿದೆ. ಹಕ್ಕಿಜ್ವರ, ಆಫ್ರಿಕನ್ ಹಂದಿಜ್ವರ, ಕಾಲುಬಾಯಿ ರೋಗ, ಇವು ಮುಖ್ಯವಾಗಿ ನೋಡುವಂಥವು. ಅಮೆರಿಕದ ಕೋಳಿ ಕಾಲಿನ ಜಗಳ ನೆನಪಿದೆಯಾ? ಹಕ್ಕಿಜ್ವರ ಅಂತ ನಮ್ಮವರು 2007ರಲ್ಲಿ ತಡೆದರು, ಅಮೆರಿಕ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಮೆಟ್ಟಿಲು ಹತ್ತಿತು, 2015ರಲ್ಲಿ ಮೇಲ್ಮನವಿಯಲ್ಲೂ ನಾವು ಸೋತೆವು. ಅಷ್ಟಾದರೂ ಕೋಳಿ ಕಾಲಿನ ಮೇಲೆ 100 ಪರ್ಸೆಂಟ್ ಸುಂಕ ಇತ್ತಲ್ಲ, ಹಾಗಾಗಿ ಕೇಸು ಗೆದ್ದ ಮಾತ್ರಕ್ಕೆ ಅವರ ಕೋಳಿ ನಮ್ಮ ಅಂಗಡಿಗೆ ಬಂದು ತುಂಬಲಿಲ್ಲ.

ಈಗ ಕಾಗದದ ಕೆಲಸ. ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯಿಂದ ಆಮದು-ರಫ್ತುದಾರರ ನಂಬರ್, ಅಂದರೆ ಐಇಸಿ ಕೋಡ್ ಬೇಕು, ಫೀಸು 500 ರೂಪಾಯಿ, ಅದು ಸುಲಭ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸು ಹೋಟೆಲಿಗೆ ಇದೆಯಲ್ಲ ಅಂತ ಗೆಳೆಯ ಅಂದ. ಅದು ನಡೆಯುವುದಿಲ್ಲ. ಆಮದು ಮಾಡುವವರಿಗೆ ಅಂತಲೇ ಸೆಂಟ್ರಲ್ ಲೈಸೆನ್ಸ್ ಬೇರೆ ಇದೆ, ವರ್ಷಕ್ಕೆ 7,500 ರೂಪಾಯಿ.

ಇವೆರಡರಿಂದ ಮಾಂಸ ಬರುವುದಿಲ್ಲ. ನಿಜವಾದ ಬೀಗದ ಕೈ ಅಂದರೆ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್, ಎಲ್ಲರೂ ಎಸ್‌ಐಪಿ ಅನ್ನುತ್ತಾರೆ. ಕೇಂದ್ರದ ಪಶುಸಂಗೋಪನೆ ಇಲಾಖೆ ಕೊಡುತ್ತದೆ, ಅರ್ಜಿ ಆನ್‌ಲೈನ್. ಇದರ ಹಿಂದಿರುವುದು 1898ರ ಕಾನೂನು. ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಬರುವ ಜೀವಂತ ದನಕರುಗಳಿಗೆ ಅಂತ ಮಾಡಿದ್ದನ್ನು 2001ರಲ್ಲಿ ತಿದ್ದಿ ಮಾಂಸ, ಹಾಲು, ಮೊಟ್ಟೆಯ ಪದಾರ್ಥಗಳಿಗೂ ಹಚ್ಚಿದರು. ಮುಖ್ಯ ಮಾತು ಇಷ್ಟೇ: ಅಲ್ಲಿಂದ ಮಾಲು ಹೊರಡುವ ಮೊದಲೇ ಎಸ್‌ಐಪಿ ನಿಮ್ಮ ಕೈಯಲ್ಲಿರಬೇಕು. ಹಡಗು ಸಮುದ್ರದಲ್ಲಿದ್ದಾಗ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಎಸ್‌ಐಪಿ ಜೊತೆಗೆ ಷರತ್ತುಗಳ ಪಟ್ಟಿ ಬರುತ್ತದೆ. ಅದನ್ನು ಅಲ್ಲಿನ ಸಪ್ಲೈಯರ್‌ಗೆ ಕಳಿಸಿ, ಅಲ್ಲಿನ ಸರ್ಕಾರಿ ಪಶುವೈದ್ಯರು ಕೊಡುವ ಸರ್ಟಿಫಿಕೇಟಿನಲ್ಲಿ ಆ ಷರತ್ತುಗಳೆಲ್ಲ ಬರುವ ಹಾಗೆ ನೋಡಿಕೊಳ್ಳಬೇಕು. ನಾನು ಮೊದಲ ಸಲ ತರಿಸಿದಾಗ ಕಸಾಯಿಖಾನೆಯ ನಂಬರಿನಲ್ಲಿ ಒಂದೇ ಒಂದು ಅಂಕಿ ತಪ್ಪಿತ್ತು. ಡ್ರಾಫ್ಟ್ ನನಗೇ ಕಳಿಸಿದ್ದರು, ಓದದೆ "ಓಕೆ" ಅಂತ ಉತ್ತರ ಹಾಕಿದವನೂ ನಾನೇ. ಹೊಸ ಸರ್ಟಿಫಿಕೇಟ್ ಅಲ್ಲಿಂದ ಬರುವವರೆಗೂ ಕಂಟೇನರ್ ಬಂದರಿನಲ್ಲೇ ಕೂತಿತ್ತು, ರೀಫರ್‌ಗೆ, ಅಂದರೆ ಶೀತಲ ಕಂಟೇನರಿಗೆ ಕರೆಂಟಿನ ಚಾರ್ಜು, ಮೇಲೆ ತಡವಾದ ದಿನಗಳಿಗೆ ಡೆಮರೇಜ್ ಶುಲ್ಕ, ಆ ಮಾಲಿನಲ್ಲಿ ಸಿಗಬೇಕಾಗಿದ್ದ ಲಾಭ ಹಾಗೇ ಕರಗಿಹೋಯಿತು. ಅವತ್ತಿನಿಂದ ಡ್ರಾಫ್ಟನ್ನು ಎಸ್‌ಐಪಿ ಪಕ್ಕದಲ್ಲಿಟ್ಟು ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಸಮೇತ ಸಾಲು ಸಾಲಾಗಿ ಇಬ್ಬರು ಓದುತ್ತೇವೆ.

ಇನ್ನೊಂದು, ಮಾಂಸ ತಯಾರಾಗುವ ಆ ಹೊರದೇಶದ ಘಟಕ ನಮ್ಮ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ ಆಗಿರಬೇಕು. 2023ರ ಫೆಬ್ರವರಿಯಿಂದ ಬಂದ ನಿಯಮ ಇದು. ಸಪ್ಲೈಯರ್ ದೊಡ್ಡವನು ಅಂದುಕೊಂಡು ಬಿಡಬೇಡಿ, ನಂಬರ್ ಕೇಳಿ.

ಎಲ್ಲಿ ಇಳಿಸುವುದು? ಹೊರಗಿನ ಪಶುರೋಗ ಒಳಬರದಂತೆ ತಪಾಸಣೆ ಮಾಡುವ ಕ್ವಾರಂಟೈನ್ ಕೇಂದ್ರ ಇರುವ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ, ಹೈದರಾಬಾದ್, ಬೆಂಗಳೂರು, ಈ ಊರುಗಳಲ್ಲಿ. ಮಂಗಳೂರು ಪಟ್ಟಿಯಲ್ಲಿಲ್ಲ. ಹೋಟೆಲ್ ಹಂಪನಕಟ್ಟೆಯಲ್ಲಿದ್ದರೂ ಮಾಲು ಚೆನ್ನೈಗೋ ಮುಂಬೈಗೋ ಹೋಗಿ ಅಲ್ಲಿಂದ ಲಾರಿಯಲ್ಲಿ ಬರಬೇಕು. ವಿಮಾನದಲ್ಲಾದರೆ ದೇವನಹಳ್ಳಿಯಲ್ಲೇ ಇಳಿಸಬಹುದು.

ಆಮೇಲೆ ಆಯುಸ್ಸಿನ ಲೆಕ್ಕ. ಇದನ್ನು ಯಾರೂ ಮೊದಲೇ ಮಾಡುವುದಿಲ್ಲ ನೋಡಿ. ಕ್ಲಿಯರೆನ್ಸ್ ಹೊತ್ತಿಗೆ ಮಾಲಿನ ಒಟ್ಟು ಬಾಳಿಕೆಯಲ್ಲಿ 60 ಪರ್ಸೆಂಟ್ ಉಳಿದಿರಬೇಕು, ಇಲ್ಲವೇ ಎಕ್ಸ್‌ಪೈರಿಗೆ 3 ತಿಂಗಳು ಬಾಕಿ ಇರಬೇಕು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಫ್ರೋಜನ್ ಮಾಂಸಕ್ಕೆ 2 ವರ್ಷ ಬಾಳಿಕೆ ಇದ್ದರೆ 3 ತಿಂಗಳು ಉಳಿದರೂ ಸಾಕು, ತೊಂದರೆ ಇಲ್ಲ. ಆದರೆ ಫ್ರೀಜ್ ಮಾಡದ ಚಿಲ್ಡ್ ಮಾಂಸಕ್ಕೆ 60 ದಿನ ಇದೆ ಅಂದುಕೊಳ್ಳಿ, ಅದರಲ್ಲಿ 36 ದಿನ ಉಳಿದಿರಬೇಕು. ಅಂದರೆ ಪ್ಯಾಕಿಂಗ್, ದಾರಿ, ಬಂದರು, ಲ್ಯಾಬು, ಎಲ್ಲ ಸೇರಿ ನಿಮಗಿರುವುದು 24 ದಿನ. ಹಡಗಿನಲ್ಲಿ ತರಿಸಿದರೆ ಎದೆ ಢವಢವ. ಚಿಲ್ಡ್ ಬೇಕಾದರೆ ವಿಮಾನದಲ್ಲೇ ತರಿಸಿ, ಇಲ್ಲದಿದ್ದರೆ ಫ್ರೋಜನ್ ಸಾಕು ಅಂದುಕೊಳ್ಳಿ.

ಲೇಬಲ್ ವಿಷಯ ಚಿಕ್ಕದು. ಆಮದುದಾರರ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು 14 ಅಂಕಿಯ ಲೈಸೆನ್ಸ್ ನಂಬರ್, ಮಾಂಸಾಹಾರದ ಕಂದು ತ್ರಿಕೋನದ ಗುರುತು, ಇವನ್ನು ಇಲ್ಲಿ ಕಸ್ಟಮ್ಸ್ ಗೋದಾಮಿನಲ್ಲೇ ಸ್ಟಿಕರ್ ಅಂಟಿಸಿ ಸರಿಮಾಡಬಹುದು. ತಯಾರಾದ ತಾರೀಕು, ಎಕ್ಸ್‌ಪೈರಿ, ಬ್ಯಾಚ್ ನಂಬರ್ ಇಲ್ಲದೆ ಬಂದರೆ ಸ್ಟಿಕರ್ ಆಟ ನಡೆಯುವುದಿಲ್ಲ. ಆಗ ಮಾಲು ವಾಪಸ್.

ಇನ್ನು ಮಾಲು ಬಂದ ಮೇಲೆ. ನಿಮ್ಮ ಕಸ್ಟಮ್ಸ್ ಏಜೆಂಟ್ (ಸಿಎಚ್‌ಎ) ಆಮದಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿಯನ್ನು ಹಡಗು ಮುಟ್ಟುವ ಮೊದಲೇ ಹಾಕಲಿ. ಅಲ್ಲಿಂದ ಫೈಲು ಕ್ವಾರಂಟೈನ್‌ನವರಿಗೂ ಎಫ್‌ಎಸ್‌ಎಸ್‌ಎಐಗೂ ಆನ್‌ಲೈನಿನಲ್ಲೇ ಹೋಗುತ್ತದೆ. ಇಬ್ಬರ ಕೆಲಸ ಒಂದೇ ಅಂತ ಹೊರಗಿನವರಿಗೆ ಕಾಣುತ್ತದೆ, ಆದರೆ ಅಲ್ಲ. ಕ್ವಾರಂಟೈನ್‌ನವರಿಗೆ ಬೇಕಾದದ್ದು ಈ ಮಾಂಸದಿಂದ ನಮ್ಮ ದನ, ಕುರಿ, ಕೋಳಿಗೆ ರೋಗ ಹರಡಬಾರದು ಅನ್ನುವುದು, ಅದಕ್ಕೇ ಪಶುವೈದ್ಯರ ಒರಿಜಿನಲ್ ಸರ್ಟಿಫಿಕೇಟನ್ನು ಎಸ್‌ಐಪಿ ಜೊತೆ ತಾಳೆ ನೋಡುತ್ತಾರೆ. ಎಫ್‌ಎಸ್‌ಎಸ್‌ಎಐನವರಿಗೆ ತಿನ್ನುವವರ ಹೊಟ್ಟೆಯ ಚಿಂತೆ. ಕಾಗದ ನೋಡುತ್ತಾರೆ, ಪೆಟ್ಟಿಗೆ ತೆರೆಸಿ ಕಣ್ಣಾರೆ ನೋಡುತ್ತಾರೆ, ಬೇಕೆನಿಸಿದರೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನ ಫೀಸು ನಿಮ್ಮದೇ, ರಿಪೋರ್ಟಿಗೆ 5 ದಿನದ ಗಡುವು. ಫ್ರೋಜನ್ ಮಾಲು ಮೈನಸ್ 18 ಡಿಗ್ರಿಯಲ್ಲೇ ಬಂದಿದೆ ಅಂತ ತೋರಿಸಲು ಕಂಟೇನರ್ ಒಳಗೆ ದಾರಿಯುದ್ದಕ್ಕೂ ಉಷ್ಣತೆ ದಾಖಲಿಸುವ ಒಂದು ಡೇಟಾ ಲಾಗರ್ ಇಡಿಸಿ, ದುಬಾರಿಯೇನಲ್ಲ. ಪ್ಯಾಕೆಟ್ ಒಳಗೆ ಹೆಪ್ಪುಗಟ್ಟಿದ ರಕ್ತನೀರು ಕಂಡರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು ಅನ್ನುವ ಅನುಮಾನ ಬರುತ್ತದೆ.

ಎಲ್ಲ ಸರಿಯಿದ್ದರೆ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ ಸಿಗುತ್ತದೆ. ಇಲ್ಲದಿದ್ದರೆ ಎನ್‌ಸಿಸಿ, ಅಂದರೆ ನಿಯಮಕ್ಕೆ ಹೊಂದುವುದಿಲ್ಲ ಅನ್ನುವ ಪತ್ರ. ಲ್ಯಾಬಿನಲ್ಲಿ ಫೇಲ್ ಆಗಿದ್ದರೆ ಉಳಿದ ಇನ್ನೊಂದು ಸ್ಯಾಂಪಲನ್ನು ಮರುಪರೀಕ್ಷೆ ಮಾಡುವ ರೆಫರಲ್ ಲ್ಯಾಬಿಗೆ ಕಳಿಸಿ ಅಂತ ಕೇಳಬಹುದು. ಅಲ್ಲೂ ಫೇಲ್ ಆದರೆ ಮಾಲನ್ನು ವಾಪಸ್ ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು, ಎರಡೂ ನಿಮ್ಮ ಖರ್ಚಿನಲ್ಲಿ. ಸಪ್ಲೈಯರ್ ಜೊತೆ ಒಪ್ಪಂದ ಮಾಡುವಾಗ ಆ ಖರ್ಚು ಯಾರದು ಅಂತ ಬರೆಸಿಕೊಂಡಿರಿ.

ಗೆಳೆಯನ ಲೆಕ್ಕದಲ್ಲಿ ಒಂದು ವಿಷಯ ಮಾತ್ರ ಸರಿಯಿತ್ತು. ಆಸ್ಟ್ರೇಲಿಯಾದ ಕುರಿಮಾಂಸಕ್ಕೆ ಇದ್ದ 30 ಪರ್ಸೆಂಟ್ ಸುಂಕ, ಎರಡು ದೇಶಗಳ ಒಪ್ಪಂದ 2022ರ ಡಿಸೆಂಬರ್ 29ಕ್ಕೆ ಜಾರಿಯಾದಾಗಿನಿಂದ ಸೊನ್ನೆ. ಆದರೆ ಮಾಲು ಆಸ್ಟ್ರೇಲಿಯಾದ್ದೇ ಅನ್ನುವ ಸರ್ಟಿಫಿಕೇಟ್ ಆಫ್ ಒರಿಜಿನ್ ಇದ್ದರೆ ಮಾತ್ರ. ಅದನ್ನು ಸಪ್ಲೈಯರ್ ಹತ್ತಿರ ಕೇಳಿರಲೇ ಇಲ್ಲ ಮಹಾಶಯ.

ಹೋಟೆಲೂ ಬೇಡ ವ್ಯಾಪಾರವೂ ಬೇಡ, ದುಬೈನಿಂದ ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಪ್ಯಾಕೆಟ್ ತರೋಣ ಅನ್ನುವವರಿಗೂ ಒಂದು ಮಾತು. ಏರ್‌ಪೋರ್ಟಿನ ಕಸ್ಟಮ್ಸ್ ಡಿಕ್ಲರೇಷನ್ ಫಾರಂನಲ್ಲಿ ಮಾಂಸ, ಹಾಲು, ಮೀನಿನ ಪದಾರ್ಥಕ್ಕೆ ಅಂತಲೇ ಒಂದು ಸಾಲು ಇದೆ. ತಂದಿದ್ದರೆ ಹೌದು ಅಂತ ಬರೆಯಿರಿ.

ಗೆಳೆಯ ಈಗ ಎಸ್‌ಐಪಿಗೆ ಅರ್ಜಿ ಹಾಕಿದ್ದಾನೆ. ಅಡ್ವಾನ್ಸ್ ಇನ್ನೂ ಕಳಿಸಿಲ್ಲ.