ಭ್ರೂಣದಲ್ಲಿ ಜೀನ್ ಎಕ್ಸ್‌ಪ್ರೆಶನ್ ಎಷ್ಟು ಸ್ಟೇಬಲ್ ಅಂತ ಅಳೆಯೋದು ಹೇಗೆ
ಮೀನು, ಕಪ್ಪೆ, ಕೋಳಿ, ಇಲಿ ಎಲ್ಲದರ ಭ್ರೂಣನೂ ಮಧ್ಯದ ಒಂದು ಹಂತದಲ್ಲಿ ಹೆಚ್ಚುಕಮ್ಮಿ ಒಂದೇ ತರ ಕಾಣತ್ತೆ, ಫ್ಯಾರಿಂಗುಲಾ ಅಂತಾರೆ ಅದಕ್ಕೆ. 2011ರಲ್ಲಿ ಇರಿಯೆ ಮತ್ತೆ ಕುರತಾನಿ ಅನ್ನೋ ವಿಜ್ಞಾನಿಗಳು ಈ ನಾಲ್ಕರ ಜೀನ್ ಎಕ್ಸ್‌ಪ್ರೆಶನ್ (ಯಾವ ಜೀನ್‌ನಿಂದ ಎಷ್ಟು ಆರ್‌ಎನ್‌ಎ ಬರತ್ತೆ ಅನ್ನೋದು) ಹೋಲಿಸಿ ನೋಡಿದಾಗಲೂ ಕಮ್ಮಿ ಬದಲಾಗಿದ್ದು ಅದೇ ಹಂತ. ಯಾಕೆ ಅನ್ನೋದಕ್ಕೆ ಒಂದು ವಾದ ಏನಂದ್ರೆ, ಆ ಹೊತ್ತಲ್ಲಿ ಭ್ರೂಣದ ಜೀನ್ ಎಕ್ಸ್‌ಪ್ರೆಶನ್ ಹುಟ್ಟಾ ಅಷ್ಟು ಸುಲಭಕ್ಕೆ ಏರುಪೇರಾಗಲ್ಲ, ಹಾಗಾಗಿ ವಿಕಾಸಕ್ಕೂ ಅಲ್ಲಿ ಬದಲಾಯಿಸೋಕೆ ಜಾಸ್ತಿ ಏನೂ ಸಿಗಲ್ಲ ಅಂತ. ಇದನ್ನ ಟೆಸ್ಟ್ ಮಾಡ್ಬೇಕಾ, ಮುಂದೆ ಓದಿ.

ಮೊದ್ಲು ಮೀನು. ಮೆಡಾಕಾ ಅನ್ನೋ ಪುಟ್ಟ ಮೀನು ತಗೊಳ್ಳಿ, ಅದರಲ್ಲಿ ಒಳ್ಳೆ ಇನ್‌ಬ್ರೆಡ್ (ಹತ್ತಿರದ ಸಂಬಂಧದಲ್ಲೇ ತಲೆಮಾರುಗಟ್ಟಲೆ ಕೂಡಿಸಿದ) ತಳಿಗಳಿವೆ, ಜೀಬ್ರಾಫಿಶ್‌ಗೆ ಇನ್‌ಬ್ರೀಡಿಂಗ್ ಅಷ್ಟಾಗಿ ಆಗಿಬರಲ್ಲ. ಡಿಎನ್‌ಎ ಒಂದೇ, ನೀರಿನ ಬಿಸಿನೂ ಒಂದೇ ಇದ್ರೆ ಅಳತೆಯ ತಪ್ಪು ಬಿಟ್ರೆ ಆಮೇಲೆ ಉಳಿಯೋ ಏರುಪೇರು ಭ್ರೂಣದ್ದೇ ಅನ್ನಬಹುದು.

ಗಂಟೆ ನೋಡಿ ಭ್ರೂಣ ಎತ್ತಬೇಡಿ. ಮೈಕ್ರೋಸ್ಕೋಪ್ ಕೆಳಗಿಟ್ಟು ಸೋಮೈಟ್ (ಬೆನ್ನಿನುದ್ದಕ್ಕೂ ಒಂದೊಂದಾಗಿ ಮೂಡೋ ಗಡ್ಡೆಗಳು) ಎಣಿಸಿ, ಒಂದರಲ್ಲಿ 12 ಇನ್ನೊಂದರಲ್ಲಿ 14 ಇದ್ರೆ ನೀವು ಅಳೀತಿರೋದು ವಯಸ್ಸಿನ ವ್ಯತ್ಯಾಸ ಅಷ್ಟೇ. ಇನ್ನೊಂದು, ಆರ್‌ಎನ್‌ಎ ಕಮ್ಮಿ ಬರತ್ತೆ ಅಂತ ಹತ್ತು ಭ್ರೂಣ ಒಂದೇ ಟ್ಯೂಬಿಗೆ ಹಾಕೋ ಅಭ್ಯಾಸ ಇದ್ಯಲ್ಲ, ಅದನ್ನ ಇಲ್ಲಿ ಬಿಟ್ಟುಬಿಡಿ, ಸರಾಸರಿ ಆಗಿ ನಮಗೆ ಬೇಕಾಗಿರೋ ವ್ಯತ್ಯಾಸನೇ ಹೋಗ್ಬಿಡತ್ತೆ. ಒಂದು ಟ್ಯೂಬಿಗೆ ಒಂದೇ ಭ್ರೂಣ.

ಜನ ಸಾಮಾನ್ಯವಾಗಿ ಮರೆಯೋದು ಇದು: ಪ್ರತಿ ಹಂತದಲ್ಲೂ ಒಂದೆರಡು ಭ್ರೂಣದ ಆರ್‌ಎನ್‌ಎ ಎರಡು ಭಾಗ ಮಾಡಿ, ಎರಡು ಬೇರೆ ಸ್ಯಾಂಪಲ್ ಅನ್ನೋ ತರ ಲೈಬ್ರರಿ (ಮಷಿನ್ ಓದೋ ಹಾಗೆ ತಯಾರಿಸಿದ ಸ್ಯಾಂಪಲ್) ಮಾಡಿ ಸೀಕ್ವೆನ್ಸ್ ಮಾಡಿಸಿ. ಆ ಜೋಡಿಯಲ್ಲಿ ಕಾಣೋ ವ್ಯತ್ಯಾಸ ಕೈಕೆಲಸ ಮತ್ತು ಮಷಿನ್‌ದು, ಇದು ಗೊತ್ತಿಲ್ದೆ ಭ್ರೂಣದ ಬಗ್ಗೆ ಏನೂ ಹೇಳೋಕಾಗಲ್ಲ.

ಲೆಕ್ಕ ಸುಲಭ. ಒಂದೇ ಹಂತದ ಎರಡೆರಡು ಭ್ರೂಣಕ್ಕೆ ಸ್ಪಿಯರ್‌ಮನ್ ಕೋರಿಲೇಶನ್ (ಜೀನ್‌ಗಳ ರ‍್ಯಾಂಕ್ ಎಷ್ಟು ಹೊಂದತ್ತೆ ಅನ್ನೋ ಸಂಖ್ಯೆ) ತೆಗೀರಿ, 1ರಿಂದ ಕಳೀರಿ, ಬಂದಿದ್ದು ದೂರ, ಅದನ್ನ ಮೇಲಿನ ಎರಡು ಭಾಗ ಮಾಡಿದ ಜೋಡಿಯ ಟೆಕ್ನಿಕಲ್ ದೂರದ ಪಕ್ಕ ಇಟ್ಟು ನೋಡಿ. ರೀಡ್ (ಮಷಿನ್ ಓದಿದ ಆರ್‌ಎನ್‌ಎ ತುಣುಕು) ಕಮ್ಮಿ ಇರೋ ಜೀನ್‌ಗಳು ಸುಮ್ನೆ ಗಲಾಟೆ ಮಾಡ್ತವೆ, ಮೊದ್ಲೇ ಫಿಲ್ಟರ್ ಮಾಡಿ. ತೀರಾ ಮುಂಚಿನ ಹಂತಗಳಲ್ಲಿ ಇರೋದು ಬಹುಪಾಲು ತಾಯಿ ಮೊಟ್ಟೆಗೆ ತುಂಬಿಕೊಟ್ಟ ಆರ್‌ಎನ್‌ಎ, ಅಲ್ಲಿ ಸ್ಟೇಬಲ್ ಕಂಡ್ರೆ ಅದರ ಕ್ರೆಡಿಟ್ ಭ್ರೂಣಕ್ಕೆ ಕೊಡಬೇಡಿ.

ಬೇರೆ ಜಾತಿ ಜೊತೆ ಹೋಲಿಸೋಕೆ ಕೋಳಿ, ಇಲಿದೆಲ್ಲ ಪಬ್ಲಿಕ್ ಡಾಟಾ ಸಾಕು. ತಲೆನೋವು ಆರ್ಥೋಲಾಗ್‌ದು, ಅಂದ್ರೆ ಬೇರೆ ಬೇರೆ ಜಾತಿಯಲ್ಲಿ ಒಂದೇ ಮೂಲದ ಜೀನ್ ಹುಡುಕೋದು, ಟೀಲಿಯೋಸ್ಟ್ ಮೀನುಗಳ (ಮೆಡಾಕಾ, ಜೀಬ್ರಾಫಿಶ್ ಸೇರೋ ಗುಂಪು) ಪೂರ್ವಜರಲ್ಲಿ ಇಡೀ ಜೀನೋಮ್ ಒಂದ್ಸಲ ಡಬಲ್ ಆಗಿತ್ತು, ಹಾಗಾಗಿ ಕೋಳಿಯ ಒಂದು ಜೀನ್‌ಗೆ ಮೀನಲ್ಲಿ ಎರಡು ಸಿಗೋದುಂಟು. ಒಂದಕ್ಕೊಂದು ಹೊಂದೋ ಜೀನ್ ಮಾತ್ರ ಇಟ್ಕೊಂಡು ಒಂದ್ಸಲ, ಜೋಡಿಗಳ ರೀಡ್ ಕೂಡಿಸಿ ಇನ್ನೊಂದ್ಸಲ ಮಾಡಿ, ಎರಡರಲ್ಲೂ ಹಂತದಿಂದ ಹಂತಕ್ಕೆ ಜಾತಿಗಳ ನಡುವಿನ ದೂರ ಹೇಗೆ ಬದಲಾಗತ್ತೆ ಅನ್ನೋ ಕರ್ವ್ ಒಂದೇ ಶೇಪ್ ಬಂದ್ರೆ ಆಗ ನಂಬಿ.